ಪಿಯಾನೋಕ್ಕೆ ಷಡ್ಜ ಹಿಡಿದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈಗ ಹೇಳಲಿರುವುದರಲ್ಲಿ ನಡೆದದ್ದೆಷ್ಟು, ನಡೆದ ಮೇಲೆ ನಾನು ಸೇರಿಸಿಕೊಂಡದ್ದೆಷ್ಟು ಎಂಬುದು ನನಗೇ ಖಚಿತವಿಲ್ಲ. ಭೌತಶಾಸ್ತ್ರ ಓದಿದವನು ನಾನು. ರಾಮದುರ್ಗದ ಕಾಲೇಜಿನಲ್ಲಿ ನಿವೃತ್ತಿಯವರೆಗೂ ಅದನ್ನೇ ಕಲಿಸಿದೆ. ಅಳೆದು ನೋಡದೆ ಯಾವುದನ್ನೂ ನಂಬಬೇಡಿ ಎಂದು ವರ್ಷಕ್ಕೊಮ್ಮೆಯಾದರೂ ಹುಡುಗರಿಗೆ ಗಂಭೀರವಾಗಿ ಹೇಳುತ್ತಿದ್ದೆ. ನೆನಪನ್ನು ಅಳೆಯುವ ಉಪಕರಣ ಮಾತ್ರ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಇರಲಿಲ್ಲ. ನನ್ನ ತಂಗಿ ಗಿರಿಜಾ ಇದೇ ಸಂಗತಿಯನ್ನು ಬೇರೆಯೇ ಬಗೆಯಾಗಿ ಹೇಳುತ್ತಾಳೆ, ಅದೂ ನನಗಿಂತ ಜೋರು ದನಿಯಲ್ಲಿ. ಇಬ್ಬರಲ್ಲಿ ಒಬ್ಬರು ತಪ್ಪಿರಬೇಕು. ಇಬ್ಬರೂ ತಪ್ಪಿರಬಹುದೆಂದು ನನ್ನ ಅನುಮಾನ.

ಈ ಚಳಿಗಾಲದಲ್ಲಿ ಟ್ರಂಕಿನಿಂದ ಸ್ವೆಟರ್ ತೆಗೆದೆ. ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಆ ವಾಸನೆಗೆ ಮಡಿಚಿಟ್ಟ ರೇಷ್ಮೆ ಸೀರೆಯೋ ಉಣ್ಣೆಯ ಶಾಲೋ ನೆನಪಾಗಬಹುದು. ನನಗೆ ನೆನಪಾಗುವುದು ಪಿಯಾನೋ. ಪಿಯಾನೋದ ಹೊಟ್ಟೆಯೊಳಗೆ ಸಣ್ಣ ಸಣ್ಣ ಸುತ್ತಿಗೆಗಳಿರುತ್ತವೆ, ಅವುಗಳ ತಲೆಗೆ ಉಣ್ಣೆಯ ಗಟ್ಟಿ ಬಟ್ಟೆ ಸುತ್ತಿರುತ್ತಾರೆ. ನುಸಿಗೆ ಅದೆಂದರೆ ಹೋಳಿಗೆ ಊಟ. ಆದ್ದರಿಂದ ಕಸ್ತೂರಿ ಅತ್ತೆ ಹಳೆಯ ಕುಪ್ಪಸದ ಬಟ್ಟೆಯಲ್ಲಿ ಚೀಲ ಹೊಲಿದು, ಡಾಂಬರು ಗುಳಿಗೆ ತುಂಬಿ, ಪಿಯಾನೋದ ಒಳಗೆ ತೂಗುಬಿಟ್ಟಿದ್ದಳು. ಅವಳ ಮನೆಯಲ್ಲಿ ಮೇಲಿನ ಮುಚ್ಚಳ ಎತ್ತಿದೊಡನೆ ಸಂಗೀತಕ್ಕಿಂತ ಮೊದಲು ಆ ವಾಸನೆ ಹೊರಬರುತ್ತಿತ್ತು.

ಕಸ್ತೂರಿ ಅತ್ತೆ ನನ್ನ ಅಪ್ಪನ ಕಿರಿಯ ತಂಗಿ. ಬೈಲಹೊಂಗಲದಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ಹತ್ತಿಯ ಅಂಡಿಗೆ, ಅಂದರೆ ಮೂಟೆಗಳ ಮೇಲೆ ಹತ್ತಿ ಇಳಿದು ಬೆಳೆದ ಹುಡುಗಿಯನ್ನು ಅಜ್ಜ ಇಂಗ್ಲಿಷ್ ಕಲಿಯಲೆಂದು ಬೆಳಗಾವಿಯ ಮಿಷನ್ ಶಾಲೆಯ ಹಾಸ್ಟೆಲ್ಲಿಗೆ ಹಾಕಿದ. ಅವಳು ಇಂಗ್ಲಿಷಿಗಿಂತ ಮೊದಲು ಪಿಯಾನೋ ಕಲಿತಳು. ಅಲ್ಲಿಂದ ಮುಂಬಯಿ, ಏಳು ವರ್ಷ. ದೊಡ್ಡ ಸಭಾಗೃಹಗಳಲ್ಲಿ ಕಛೇರಿ ಕೊಟ್ಟಳು. ಒಂದು ಸಲ ಹಡಗಿನಲ್ಲಿ ಹೊರದೇಶಕ್ಕೂ ಹೋಗಿಬಂದಳು. ಅವಳ ಚಿತ್ರ ಬಂದ ಪತ್ರಿಕೆಯ ತುಣುಕನ್ನು ಅಜ್ಜ ಅಂಗಡಿಯ ಗದ್ದುಗೆಯ ಹಿಂದಿನ ಗೋಡೆಗೆ ಅಂಟಿಸಿದ್ದ. ಆದರೆ ಮಗಳ ಕಛೇರಿಯನ್ನು ಅವನು ಕೇಳಿದ್ದು ಒಮ್ಮೆ ಮಾತ್ರ, ಮುಂಬಯಿಯಲ್ಲಿ. ಎರಡು ತಾಸು ಅಲುಗದೆ ಕುಳಿತು, ಮುಗಿದ ಮೇಲೆ ಕೇಳಿದನಂತೆ:

"ಎಲ್ಲಾ ಛಲೋ ಆತವಾ. ತಬಲಾದಾಂವ ಯಾಕ ಬರಲಿಲ್ಲ?"

ಅತ್ತೆ ಇದನ್ನು ಹೇಳಿಕೊಂಡು ನಗುತ್ತಿದ್ದಳು. ಎಲ್ಲರೂ ಅವಳು ಮುಂಬಯಿಯಲ್ಲೇ ಉಳಿಯುತ್ತಾಳೆ ಅಂದುಕೊಂಡಾಗ ಅವಳು ನಮ್ಮ ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಅಧ್ಯಾಪಕಿಯಾಗಿ ಬಂದಳು. ಏಕೆ ಬಂದಳೆಂದು ಗಿರಿಜಾಳ ಬಳಿ ಒಂದು ಪ್ರೇಮಕಥೆಯಿದೆ, ನಾನು ಅದನ್ನು ನಂಬುವುದಿಲ್ಲ. ಅತ್ತೆ ಹೇಳುತ್ತಿದ್ದ ಕಾರಣ ಸರಳವಾಗಿತ್ತು: "ಮುಂಬೈಯಾಗ ಪಿಯಾನೋ ಬಾರಸಾವ್ರು ಸಾವಿರ ಮಂದಿ ಅದಾರ. ಇಲ್ಲೆ ನಾ ಒಬ್ಬಾಕಿ."

ವರಾಂಡದ ತುದಿಯ ಕೋಣೆಯೊಂದನ್ನು ಅವಳಿಗೆ ಕೊಟ್ಟರು. ಉಳಿದ ಕೋಣೆಗಳಲ್ಲಿ ತಂಬೂರಿ, ತಬಲಾ, ಸಿತಾರ. ಅವಳ ತರಗತಿಗೆ ಬರುವವರಿಗೆ ಮೊದಲ ತಿಂಗಳು ಪಿಯಾನೋ ಇಲ್ಲ, ಜೋಳದ ಹಿಟ್ಟು. ಹುಡುಗ, ಹುಡುಗಿ ಎಂಬ ಭೇದವಿಲ್ಲದೆ ಎಲ್ಲರೂ ಅವಳ ಅಡುಗೆಮನೆಯಲ್ಲಿ ಕುಳಿತು ರೊಟ್ಟಿ ಬಡಿಯಬೇಕು. "ಮಣಿಕಟ್ಟು ಸಡಲ ಬಿಡು. ಅಂಗೈಲೆ ಹೊಡೀಬ್ಯಾಡ, ಬೆರಳು ಮಾತಾಡ್ಲಿ. ರೊಟ್ಟಿ ಅಂಚು ಹರೀತೂ ಅಂದ್ರ ನಿನ್ನ ಕೈ ಇನ್ನೂ ಬಿಗಿ ಐತಿ ಅಂತ ತಿಳಿ." ತೆಳ್ಳಗೆ, ದುಂಡಗೆ, ಅಂಚು ಹರಿಯದ ರೊಟ್ಟಿ ಬಂದ ದಿನವೇ ಪಿಯಾನೋದ ಮುಚ್ಚಳ ತೆರೆಯುತ್ತಿತ್ತು. ನಾನೂ ಹದಿನೈದು ದಿನ ಪ್ರಯತ್ನಿಸಿದೆ. ಕೊನೆಗೆ ಅತ್ತೆ ನನ್ನ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಶಾಣ್ಯಾ, ನೀ ಭೌತಶಾಸ್ತ್ರಾನ ಓದು" ಎಂದಳು. ಶಾಣ್ಯಾ ಅಂದರೆ ಜಾಣ. ನಾನು ಏನಾದರೂ ದಡ್ಡತನ ಮಾಡಿದಾಗಲಷ್ಟೇ ಅವಳು ಆ ಹೆಸರಿನಿಂದ ಕರೆಯುತ್ತಿದ್ದಳು. ಹಾಗಾಗಿ ಅದೇ ನನ್ನ ಖಾಯಂ ಹೆಸರಾಯಿತು.

ನಾನು ಎಂ.ಎಸ್ಸಿ. ಮುಗಿಸಿದ ವರ್ಷ ಅತ್ತೆಗೆ ವಿಭಾಗದ ಮುಖ್ಯಸ್ಥರಿಂದ ಒಂದು ಪತ್ರ ಬಂತು. ಪಿಯಾನೋ ತರಗತಿಯಲ್ಲಿ ಬರಿ ಮೂವರು ವಿದ್ಯಾರ್ಥಿಗಳಿದ್ದಾರೆ. ಜೂನ್ ಮುಗಿಯುವುದರೊಳಗೆ ಐವರು ಆಗದಿದ್ದರೆ ತರಗತಿ ಮುಚ್ಚಲಾಗುವುದು, ತಮ್ಮನ್ನು ವಿಭಾಗದ ಗ್ರಂಥಾಲಯದ ಕೆಲಸಕ್ಕೆ ಹಚ್ಚಲಾಗುವುದು. ಕೊನೆಗೊಂದು ಸಾಲು: ಅಧ್ಯಾಪಕರ ಸಂಬಂಧಿಕರನ್ನು ಲೆಕ್ಕಕ್ಕೆ ಹಿಡಿಯಲಾಗದು. ನನ್ನ ಮತ್ತು ಗಿರಿಜಾಳ ಅರ್ಜಿ ಅಷ್ಟರಲ್ಲೇ ಹೋಗಿತ್ತೆಂದು ಕಾಣುತ್ತದೆ.

ಅತ್ತೆ ಆ ಪತ್ರವನ್ನು ಎರಡು ಸಲ ಓದಿ ಮಡಿಚಿಟ್ಟಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೆದರಿಕೆಯ ಗುರುತೆಂದರೆ, ಅವತ್ತು ಮಾಡಿದ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತಳು, ಕುಡಿದಳು, ಗೊತ್ತೇ ಆಗಲಿಲ್ಲ. ಮರುದಿನ ಹೊಸ ಉತ್ಸಾಹದಲ್ಲಿ ಎದ್ದಿದ್ದಳು. ಜನ ಪಿಯಾನೋ ಹತ್ತಿರ ಬರದಿದ್ದರೆ ಪಿಯಾನೋವೇ ಜನರ ಹತ್ತಿರ ಹೋಗಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕು ಊರಿನಲ್ಲಿ ನಾಲ್ಕು ಕಛೇರಿ. ಬಾಗಿಲಲ್ಲಿ ಒಂದು ನೋಟ್‌ಬುಕ್ ಇಡುವುದು, ಕಲಿಯುವ ಮನಸ್ಸಿದ್ದವರು ಹೆಸರು ಬರೆಯುವುದು. ಬೇಕಾಗಿದ್ದದ್ದು ಎರಡೇ ಹೆಸರು.

ಅವಳ ಸ್ವಂತ ಪಿಯಾನೋವನ್ನು ನೇಸರಗಿಯವರೊಬ್ಬರ ಲಾರಿಯಲ್ಲಿ, ಸುತ್ತ ಹತ್ತಿಯ ಅಂಡಿಗೆಗಳನ್ನು ಒತ್ತಿ ನಿಲ್ಲಿಸಿ ಬೈಲಹೊಂಗಲಕ್ಕೆ ತಂದೆವು. ಇಳಿಸಿದಾಗ ಓಣಿಯ ಹೆಂಗಸರೆಲ್ಲ ನೆರೆದರು. ಒಬ್ಬಾಕೆ ಸುತ್ತಲೂ ಪ್ರದಕ್ಷಿಣೆ ಹಾಕಿ ಕೇಳಿದಳು, "ಇಷ್ಟ ದೊಡ್ಡ ಪೇಟಿಗೆ ಗಾಳಿ ಎಲ್ಲಿಂದ ಹಾಕ್ತಾರವಾ?" ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅನ್ನುತ್ತಾರೆ. ಕೀಲಿಮಣೆ ಇದ್ದದ್ದೆಲ್ಲ ಪೇಟಿಯೇ. ಆ ಹೆಂಗಸಿನ ಮಾತಿಗೆ ನಾನು ನಕ್ಕೆ. ನಾಲ್ಕು ದಿನಗಳಲ್ಲಿ ಅವಳದಕ್ಕಿಂತ ದೊಡ್ಡ ತಪ್ಪನ್ನು ನಾನೇ ಮಾಡಲಿದ್ದೆ.

ಹತ್ತಿ ಎಷ್ಟು ಒತ್ತಿದರೂ ರಸ್ತೆ ರಸ್ತೆಯೇ. ಪಿಯಾನೋದ ತಂತಿಗಳೆಲ್ಲ ಇಳಿದುಹೋಗಿದ್ದವು. ಅವನ್ನು ಹದಕ್ಕೆ ತರುವವರು ಮುಂಬಯಿಯಿಂದ ವರ್ಷಕ್ಕೊಮ್ಮೆ ಬರುತ್ತಿದ್ದರು. ಅತ್ತೆ ಪರೀಕ್ಷೆಯ ಕೆಲಸದಲ್ಲಿ ವಿಶ್ವವಿದ್ಯಾಲಯದಲ್ಲೇ ಇದ್ದಳು, ಕಛೇರಿಯ ದಿನ ಬೆಳಿಗ್ಗೆ ನೇರವಾಗಿ ಬರುವವಳು. ನಾನು ಧೈರ್ಯವಾಗಿ, ಯಾರನ್ನೂ ಕೇಳದೆ, ಸವದತ್ತಿಯಿಂದ ರುದ್ರಪ್ಪನವರನ್ನು ಕರೆಸಿದೆ.

ರುದ್ರಪ್ಪ ಆ ನಾಲ್ಕೂ ತಾಲೂಕಿನ ಭಜನಾ ಮೇಳಗಳ, ನಾಟಕ ಕಂಪನಿಗಳ ಪೇಟಿ ರಿಪೇರಿ ಮಾಡುವವರು. ಐವತ್ತು ದಾಟಿದ ಸಣಕಲು ಮನುಷ್ಯ, ತಲೆಗೆ ಪಟಕ, ಕಿವಿಯ ಮೇಲೆ ಸೀಸದಕಡ್ಡಿ. ಅವರು ಪಿಯಾನೋದ ಮುಚ್ಚಳ ತೆಗೆದು ಒಳಗೆ ನೋಡಿ ನಮಸ್ಕಾರ ಮಾಡಿದರು. ಆಮೇಲೆ ಒಂದೊಂದೇ ಕೀಲಿ ಒತ್ತಿ, ಕಣ್ಣು ಮುಚ್ಚಿ ಕೇಳಿ, ಮುಖ ಹುಳ್ಳಗೆ ಮಾಡಿಕೊಂಡರು.

"ತಮ್ಮಾರ, ಇದರ ಗಾಂಧಾರ ಸುಳ್ಳ ಐತ್ರಿ."

"ಲಾರ್‍ಯಾಗ ಕೆಟ್ಟಿರಬೇಕ್ರಿ."

"ಕೆಟ್ಟದ್ದು ಬ್ಯಾರೆ, ಸುಳ್ಳ ಬ್ಯಾರೆ. ಇದು ಮೊದಲಿಂದನ ಸುಳ್ಳ. ಯಾರ ಸ್ವರ ಹಚ್ಚ್ಯಾರಿದಕ್ಕ?"

"ಮುಂಬೈಯಾವ್ರು."

"ಮುಂಬೈಯಾಗ ಖರೆ ಮಾತಾಡಾವ್ರು ಎಷ್ಟ ಮಂದಿ ಅದಾರ್ರಿ?" ಎಂದು ತೋಳು ಮಡಿಚಿದರು. ಆಮೇಲೆ ಆ ಪ್ರಶ್ನೆ ಬಂತು. "ಸಾ ಎಲ್ಲಿ ಹಿಡೀಲಿ ಹೇಳ್ರಿ."

ಇಲ್ಲಿ ಸ್ವಲ್ಪ ನಿಲ್ಲಬೇಕು. ಪಿಯಾನೋದಲ್ಲಿ ಹನ್ನೆರಡು ಸ್ವರಗಳ ನಡುವಿನ ಅಂತರವನ್ನು ಸಮನಾಗಿ ಹಂಚುತ್ತಾರೆ. ಹಾಗೆ ಹಂಚಿದಾಗ ಪ್ರತಿ ಸ್ವರವೂ ತನ್ನ ನಿಜವಾದ ಜಾಗದಿಂದ ಕೂದಲೆಳೆಯಷ್ಟು ಸರಿದು ಕೂರುತ್ತದೆ. ಅದರ ಲಾಭವೆಂದರೆ ಯಾವ ಕೀಲಿಯನ್ನು ಷಡ್ಜ ಮಾಡಿಕೊಂಡರೂ ನುಡಿಸಬಹುದು. ರುದ್ರಪ್ಪನವರ ಪದ್ಧತಿ ಬೇರೆ. ಹಾಡುವವನ ಷಡ್ಜ ಯಾವುದೆಂದು ಕೇಳಿ, ಆ ಒಂದಕ್ಕೆ ಉಳಿದೆಲ್ಲ ಸ್ವರಗಳನ್ನು ಕಿವಿಯಿಂದ ಶುದ್ಧವಾಗಿ ಕೂಡಿಸುವುದು. ಆ ಪೇಟಿ ಆ ಒಂದು ಷಡ್ಜಕ್ಕೆ ಜೇನಿನಂತೆ ನುಡಿಯುತ್ತದೆ, ಬೇರೆಯದಕ್ಕೆ ಕುಂಟುತ್ತದೆ. ಪಿಯಾನೋಕ್ಕೆ ಷಡ್ಜ ಯಾವುದು ಎಂಬ ಪ್ರಶ್ನೆಯೇ ಅಪಾಯದ ಗಂಟೆ. ಶಬ್ದವಿಜ್ಞಾನದ ಪತ್ರಿಕೆಯಲ್ಲಿ ನನಗೆ ತರಗತಿಗೇ ಹೆಚ್ಚು ಅಂಕ ಬಂದಿದ್ದವು. ಈ ಎರಡು ಪದ್ಧತಿಗಳ ವ್ಯತ್ಯಾಸವನ್ನು ದಶಾಂಶ ಸಮೇತ ಬರೆದು ಬಂದಿದ್ದೆ. ಅಂಥ ನಾನು, "ಬಿಳಿ ಒಂದು" ಎಂದೆ. ಮೊದಲ ಬಿಳಿ ಕೀಲಿ ಎಂದರ್ಥ.

ಹೌದೇ, ನಾನೇ ಅಂದೆನೇ? ಗಿರಿಜಾ ಹೇಳುವಂತೆ ರುದ್ರಪ್ಪ ಯಾರನ್ನೂ ಕೇಳಲಿಲ್ಲ, ತಾವೇ ತೀರ್ಮಾನಿಸಿದರು. ನಾನು ಆ ಹೊತ್ತಿಗೆ ಪಾಂಪ್ಲೆಟ್ ಹಂಚಲು ಪೇಟೆಗೆ ಹೋಗಿದ್ದೆನಂತೆ. ಇರಬಹುದು. ತಪ್ಪು ಮಾಡಿದೆನೆಂದು ಇಷ್ಟು ವರ್ಷ ಅಂದುಕೊಂಡವನಿಗೆ ತಪ್ಪಿನ ಮಾತು ತನ್ನದೇ ದನಿಯಲ್ಲಿ ಕೇಳಿಸತೊಡಗುತ್ತದೆ. ಇಷ್ಟಂತೂ ನಿಜ: ಮೂರು ದಿನ, ಇನ್ನೂರಕ್ಕೂ ಮಿಕ್ಕಿದ ತಂತಿಗಳನ್ನು ಆ ಮನುಷ್ಯ ಒಂದೊಂದಾಗಿ ಬಿಗಿದರು, ಮತ್ತು ನಾನು ಅವರಿಗೆ ಚಹಾ ಕೊಡುತ್ತಾ "ಭಾಳ ಛಲೋ ಆಗೇತ್ರಿ" ಎನ್ನುತ್ತಿದ್ದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಛೇರಿ. ಶಾಲೆಯೊಂದರ ಸಭಾಗೃಹ ತುಂಬಿತ್ತು. ಅತ್ತೆ ಹಸಿರು ಇಳಕಲ್ ಸೀರೆ ಉಟ್ಟು ಬಂದು, ನಮಸ್ಕರಿಸಿ, ಕುಳಿತು, ಮುಂಬಯಿಯಲ್ಲಿ ಹೆಸರು ತಂದುಕೊಟ್ಟ ಒಂದು ದೊಡ್ಡ ಕೃತಿಯನ್ನು ಎತ್ತಿಕೊಂಡಳು. ಅದರ ನೆಲೆ ಕರಿ ಕೀಲಿಗಳಲ್ಲಿ. ಎರಡು ಸಾಲು ದಾಟುವುದರೊಳಗೆ ಪಿಯಾನೋ ಊಳಿಟ್ಟಿತು. ಅತ್ತೆ ಕೈ ಎತ್ತಿದಳು. ಸಭೆ ಇದೂ ಸಂಗೀತದ ಭಾಗವಿರಬೇಕೆಂದು ಸುಮ್ಮನಿತ್ತು. ಅವಳು ಒಂದೊಂದೇ ಕೀಲಿ ಮೆಲ್ಲಗೆ ಮುಟ್ಟಿ ನೋಡಿದಳು, ಹೊಸ ಊರಿನಲ್ಲಿ ಬಾಗಿಲು ತಟ್ಟುವವರ ಹಾಗೆ. ಕೊನೆಗೆ ಬಿಳಿ ಒಂದರ ಮೇಲೆ ಷಡ್ಜ, ಗಾಂಧಾರ, ಪಂಚಮ ಮೂರನ್ನೂ ಕೂಡಿಸಿ ಒತ್ತಿದಳು. ಆ ನಾದ ಎಷ್ಟು ನಿಶ್ಚಲವಾಗಿತ್ತೆಂದರೆ ಅತ್ತೆಯ ಹುಬ್ಬು ಮೇಲೇರಿತು.

"ಇದನ್ನ ಹಚ್ಚಿದಾವ್ರು ಯಾರು?" ಎಂದು ವೇದಿಕೆಯಿಂದಲೇ ಕೇಳಿದಳು.

ಮುಂದಿನ ಸಾಲಿನಲ್ಲಿದ್ದ ರುದ್ರಪ್ಪ ಎದ್ದು ನಿಂತರು. "ನಾನ್ರಿ, ಅಕ್ಕೋರ. ಗಾಂಧಾರ ಸುಳ್ಳ ಇತ್ತು, ಖರೆ ಮಾಡೇನ್ರಿ." ನಮ್ಮಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ.

ಅತ್ತೆ ಅವರ ಕಡೆ ತಿರುಗಿದಳು. "ರುದ್ರಪ್ಪನವರ, ಹನ್ನೆರಡೂ ಮಂದಿ ಸ್ವಲ್ಪ ಸ್ವಲ್ಪ ಸುಳ್ಳ ಹೇಳಿದ್ರನ ಹನ್ನೆರಡೂ ಮನ್ಯಾಗ ಬಾಳೇವು ನಡಿತೈತ್ರಿ. ನೀವು ಒಂದ ಮನ್ಯಾಗ ಇಷ್ಟ ಖರೆ ಮಾತಾಡ್ಸೀರಿ, ಉಳದ ಹನ್ನೊಂದು ಮನ್ಯಾಗ ಜಗಳ ಹತ್ತೇತಿ."

ರುದ್ರಪ್ಪ ತಲೆ ತಗ್ಗಿಸಲಿಲ್ಲ. "ಒಂದ ಮನಿ ಸಾಕಲ್ರಿ ಅಕ್ಕೋರ, ಇರಾಕ?"

ಸಭೆ ಗೊಳ್ಳೆಂದು ನಕ್ಕಿತು. ಅತ್ತೆಯೂ ನಕ್ಕಳೆಂದು ನನ್ನ ನೆನಪು. ಅವಳ ಕಣ್ಣಲ್ಲಿ ನೀರಿತ್ತೆಂದು ಗಿರಿಜಾಳ ನೆನಪು. ಅತ್ತೆ ಸಭೆಯ ಕಡೆ ತಿರುಗಿ, ಇವತ್ತು ಈ ಒಂದೇ ಮನೆಯಲ್ಲಿ ಇರುತ್ತೇನೆ ಎಂದು ಹೇಳಿ, ಅಂದುಕೊಂಡ ಕೃತಿಗಳನ್ನೆಲ್ಲ ಬದಿಗಿಟ್ಟಳು. ಎಡಗೈಯಲ್ಲಿ ಷಡ್ಜ ಪಂಚಮವನ್ನು ತಂಬೂರಿಯಂತೆ ಹಿಡಿದು, ಬಲಗೈಯಲ್ಲಿ ಏನನ್ನೋ ಬಿಚ್ಚುತ್ತಾ ಹೋದಳು. ಅದು ಏನೆಂಬುದೇ ಈಗಿನ ತಕರಾರು. ಭೂಪ ರಾಗವೆಂದು ರುದ್ರಪ್ಪ ಕೊನೆಯತನಕ ಹೇಳುತ್ತಿದ್ದರು. ಮಕ್ಕಳನ್ನು ಮಲಗಿಸುವ ಯಾವುದೋ ಪರದೇಶದ ಹಾಡೆಂದು ಗಿರಿಜಾ. ಎರಡೂ ಹೌದು ಎಂಬಂತೆ ನನ್ನ ಕಿವಿಯಲ್ಲಿ ಉಳಿದಿದೆ. ಒಂದು ತಾಸಿನ ಮೇಲೆ ಚಪ್ಪಾಳೆ ಬಹಳ ಹೊತ್ತು ಬಿತ್ತು. ಬಾಗಿಲಲ್ಲಿದ್ದ ನೋಟ್‌ಬುಕ್ಕಿನಲ್ಲಿ ಒಂದೂ ಹೆಸರು ಬೀಳಲಿಲ್ಲ.

ತಂತಿಗಳನ್ನು ಮತ್ತೆ ಮೊದಲಿನಂತೆ ಮಾಡಲು ಸಮಯವಿರಲಿಲ್ಲ. ಅದೇ ಪಿಯಾನೋ, ಅದೇ ಷಡ್ಜ, ಉಳಿದ ಮೂರು ಊರಿಗೂ ಹೋಯಿತು. ಪ್ರತಿ ಊರಿನಲ್ಲೂ ಅದನ್ನು ಹದಕ್ಕೆ ತರಲು ರುದ್ರಪ್ಪನವರೂ ಲಾರಿಯಲ್ಲಿ ಬಂದರು. ದಾರಿಯುದ್ದಕ್ಕೂ ಅತ್ತೆಗೂ ಅವರಿಗೂ ಒಂದೇ ಜಗಳ. ತೊರಗಲ್ಲಿನ ಕೋಟೆ ಕಂಡಾಗ ನಾನು ಮಾತು ಬದಲಿಸಲೆಂದು ಅದನ್ನು ತೋರಿಸಿದೆ. "ಸುಮ್ನಿರೋ ಶಾಣ್ಯಾ, ನಾವು ಗಾಂಧಾರದಾಗ ಅದೇವಿ" ಎಂದಳು ಅತ್ತೆ. ಕಿತ್ತೂರಿನಲ್ಲಿ ಪಿ.ಯು. ಓದುವ ಹುಡುಗಿಯೊಬ್ಬಳು ಹೆಸರು ಬರೆದಳು. ಸವದತ್ತಿಯಲ್ಲಿ ಯಾರೂ ಇಲ್ಲ. ರಾಮದುರ್ಗದಲ್ಲಿ ಒಬ್ಬ ಬಂದ, ನೋಟ್‌ಬುಕ್ ತೆಗೆದುಕೊಂಡ, ತನ್ನ ಅಭಿಪ್ರಾಯ ಬರೆದ: ತಬಲಾ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಹೀಗೆ ನಾಲ್ವರಾದರು. ಐದನೆಯವರಿಲ್ಲ. ಆ ದೊಡ್ಡ ಕೃತಿಯನ್ನು ಅವಳು ಸರಿಯಾದ ಪಿಯಾನೋದಲ್ಲಿ ನುಡಿಸಿದ್ದರೆ ಊರಿಗೊಬ್ಬರಾದರೂ ಮರುಳಾಗುತ್ತಿದ್ದರು ಎಂದು ನನಗೆ ಅನಿಸತೊಡಗಿತು. ಹೇಳಲು ಬಾಯಿ ಬರಲಿಲ್ಲ. ಜೂನ್ ಮೊದಲಲ್ಲೇ ನನಗೆ ರಾಮದುರ್ಗದ ಕೆಲಸ ಸಿಕ್ಕಿತು, ಒಂದು ರೀತಿಯಲ್ಲಿ ಓಡಿಹೋದೆ. ಜುಲೈಯಲ್ಲಿ ಅತ್ತೆಯ ಕಾರ್ಡು ಬಂತು: ಐದು ಮಂದಿ ಆದರು, ತರಗತಿ ನಡೆಯುತ್ತದೆ.

ಐದನೆಯವರು ಯಾರೆಂದು ಬರೆದಿರಲಿಲ್ಲ. ರಜೆಗೆ ಹೋದಾಗ ಕೇಳಿದರೆ, "ಆದ್ರು ಬಿಡೋ" ಎಂದು ರೊಟ್ಟಿ ಬಡಿಯತೊಡಗಿದಳು. ಆಗ ನನ್ನ ಸಂಶಯದ ಬುದ್ಧಿ ತನ್ನ ಕೆಲಸ ಮಾಡಿತು. ಅತ್ತೆ ಇಲ್ಲದ ಒಂದು ಹೆಸರು ಬರೆದಿದ್ದಾಳೆ. ನನ್ನ ತಪ್ಪು ಮುಚ್ಚಲು, ಎಂದೂ ಸುಳ್ಳು ಹೇಳದವಳು ಸುಳ್ಳು ಬರೆದಿದ್ದಾಳೆ. ಮುಂದಿನ ವರ್ಷಗಳಲ್ಲಿ ತರಗತಿ ತುಂಬಿತು, ಅವಳು ನಿವೃತ್ತಿಯ ದಿನದವರೆಗೂ ಕಲಿಸಿದಳು, ಅವಳ ಶಿಷ್ಯರು ಊರೂರಲ್ಲಿ ಇದ್ದಾರೆ. ಆದರೂ ಅದರ ಬುಡದಲ್ಲಿ ನನ್ನ ದೆಸೆಯಿಂದಾದ ಒಂದು ಸುಳ್ಳಿದೆ ಎಂಬ ಮುಳ್ಳು ನನಗೆ ಹೋಗಲಿಲ್ಲ. ಅವಳ ಸನ್ಮಾನ ಸಮಾರಂಭದಲ್ಲಿ ಮಾತಾಡಿರೆಂದು ಕರೆದಾಗ ಗಂಟಲು ಕೆಟ್ಟಿದೆ ಎಂದು ತಪ್ಪಿಸಿಕೊಂಡೆ.

ಈ ಚಳಿಗಾಲ, ಆ ಡಾಂಬರು ಗುಳಿಗೆಯ ವಾಸನೆಯಾದ ವಾರವೇ ಬೈಲಹೊಂಗಲಕ್ಕೆ ಹೋದೆ. ಅತ್ತೆ ಈಗ ಗಿರಿಜಾಳ ಮನೆಯಲ್ಲಿದ್ದಾಳೆ. ಎಂಬತ್ತು ದಾಟಿದೆ, ಬೆರಳ ಗೆಣ್ಣುಗಳು ಬಾತಿವೆ, ನಾಲಿಗೆಗೆ ಏನೂ ಆಗಿಲ್ಲ.

"ಅತ್ತಿ, ಆ ವರ್ಷ ಐದನೇ ಹೆಸರು ಯಾರದು?"

"ಯಾಕ, ಪೊಲೀಸ ಆಗಿ ಬಂದೀಯೇನು?"

"ನೀನ ಸುಳ್ಳ ಹೆಸರ ಬರದಿ ಅಂತ ತಿಳಕೊಂಡೇನಿ. ನನ್ನ ಸಂಬಂಧ."

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಕೆಮ್ಮು ಬರುವ ತನಕ ನಕ್ಕಳು. "ಗಿರಿಜಾ, ಕೇಳಬಾ ಇಲ್ಲೆ! ನಿಮ್ಮಣ್ಣ ಇಷ್ಟ ವರ್ಷ ನನ್ನ ಕಳ್ಳಿ ಅಂತ ತಿಳಕೊಂಡು, ನನ್ನ ಕೈಯಾನ ರೊಟ್ಟಿ ತಿಂದಾನ!"

"ಹಂಗಾದ್ರ ಯಾರ ಅತ್ತಿ?"

"ಯಾರಿಗೂ ಹೇಳಬ್ಯಾಡ್ರಿ, ಮಂದಿ ನಗತಾರ ಅಂದಿದ್ರು. ಹೇಳೂದಿಲ್ಲ ಅಂತ ಮಾತ ಕೊಟ್ಟೇನಿ, ಹೇಳೂದಿಲ್ಲ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆದ್ರ ಯಾರೂ ಓದಬಾರದು ಅಂತ ಮಾತ ಕೊಟ್ಟಿಲ್ಲ. ಹಾಜರಿ ಪುಸ್ತಕ ಇರತೈತಿ. ನೀ ಅಳದ ನೋಡಿ ನಂಬಾಂವ. ಹೋಗಿ ಅಳಿ."

ಹೋದೆ. ವಿಭಾಗದ ಗುಮಾಸ್ತರು, "ಸರ್, ಧೂಳ ಕುಡದು ಹೋಗತೀರಿ" ಎಂದು ಎಚ್ಚರಿಸಿ ಹಳೆಯ ಕಪಾಟು ತೆರೆದರು. ಆ ವರ್ಷದ ಪುಸ್ತಕ ಸಿಕ್ಕಿತು. ನಾಲ್ಕು ಹೆಸರು ದಾಟಿ ಐದನೆಯ ಸಾಲಿಗೆ ಬೆರಳಿಟ್ಟೆ. ರುದ್ರಪ್ಪ. ಊರು ಸವದತ್ತಿ. ವಯಸ್ಸು ಐವತ್ತೇಳು. ವಿದ್ಯಾರ್ಹತೆ, ಮುಲ್ಕಿ ಪಾಸು. ಅಂದರೆ ಆ ಕಾಲದ ಏಳನೆಯ ತರಗತಿ.

ಆಗಲೂ ಸಂಶಯ ಬಿಡಲಿಲ್ಲ. ಹೆಸರು ಅವರದೇ, ಸಹಿ ಬೇರೆಯವರು ಮಾಡಿದ್ದರೆ? ಮೊಬೈಲಿನಲ್ಲಿ ಆ ಪುಟಗಳ ಚಿತ್ರ ಹಿಡಿದುಕೊಂಡು ಬಂದು, ರುದ್ರಪ್ಪನವರೇ ಹಿಂದೆ ರಿಪೇರಿ ಮಾಡಿದ್ದ ನಮ್ಮ ಮನೆಯ ಹಳೆಯ ಪೇಟಿಯ ತಳ ಬಿಚ್ಚಿದೆ. ರಿಪೇರಿ ಮಾಡಿದವರು ಒಳಗಿನ ಹಲಗೆಯ ಮೇಲೆ ಸೀಸದಕಡ್ಡಿಯಿಂದ ಸಹಿ ಹಾಕುವುದು ನಮ್ಮ ಕಡೆಯ ರೂಢಿ. ಪಕ್ಕದಲ್ಲಿ ಮೊಬೈಲ್ ಇಟ್ಟು, ಭೂತಗನ್ನಡಿ ಹಿಡಿದು, ಅಕ್ಷರ ಅಕ್ಷರ ಹೋಲಿಸಿದೆ. ಅದೇ ಕೈ. ವರ್ಷವಿಡೀ ತರಗತಿಯಿದ್ದ ಪ್ರತಿ ಗುರುವಾರದ ಚೌಕದಲ್ಲೂ ಆ ಸಹಿ ಇದೆ. ಒಂದೂ ಗೈರುಹಾಜರಿ ಇಲ್ಲ. ಎರಡು ಸಲ ಎಣಿಸಿ ನೋಡಿದೆ.